ಮಾಲ್ಟ್ ಪಾಕಕ್ಕೆ ಕಾಳು ತೊಳೆಯುವುದು ಹೇಗೆ? ಒಂದೇ ಸಲ ಬಸಿಯಬೇಕಾ, ಎರಡು ಸಲವಾ, ಸಣ್ಣ ಧಾರೆಯಾ?

ಕಡವಾಡ ಅಡುಗೆಮನೆ, ಕಾರವಾರ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಬ್ರೆಡ್ ಮಾಡಿ ಅಕ್ಕಪಕ್ಕದವರಿಗೆ ಕೊಡುತ್ತೇನೆ. ಅದಕ್ಕೆ ಹಾಕಲು, ಮಕ್ಕಳ ಹಾಲಿಗೆ ಬೆರೆಸಲು ಬಾರ್ಲಿ ಮಾಲ್ಟ್ ಪಾಕ ನಾನೇ ಮಾಡಬೇಕು ಅಂತ ಆಸೆ. ಮಾಲ್ಟ್ ಮಾಡಿದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ತರಿಸಿದ್ದೇನೆ. ತರಿ ಮಾಡಿ, ಬಿಸಿನೀರಲ್ಲಿ ನೆನೆಸಿ ಸಿಹಿ ರಸ ಇಳಿಸುವ ತನಕ ಗೊತ್ತು. ಗೊಂದಲ ಇರುವುದು ಅದರ ಮುಂದೆ. ಬಿಯರ್ ಮಾಡುವವರು ಸ್ಪಾರ್ಜ್ ಅನ್ನುತ್ತಾರಲ್ಲ, ರಸ ಬಸಿದ ಮೇಲೆ ಕಾಳಿನಲ್ಲಿ ಉಳಿದ ಸಿಹಿಯನ್ನು ಬಿಸಿನೀರು ಹಾಕಿ ತೊಳೆದು ತೆಗೆಯುವುದು, ಅದು.

ಮೂರು ದಾರಿ ಇದೆ ಅಂತ ಓದಿದೆ. ತೊಳೆಯದೆ ಬರೀ ಬಸಿದು ಬಿಡುವುದು ಒಂದು. ಮತ್ತೆ ನೀರು ಹಾಕಿ ಕಲಕಿ ಬಸಿಯುವುದು ಇನ್ನೊಂದು. ಮೇಲಿಂದ ಸಣ್ಣಗೆ ನೀರು ಬಿಡುತ್ತಾ ಕೆಳಗಿಂದ ರಸ ತೆಗೆಯುತ್ತಾ ಹೋಗುವುದು ಮತ್ತೊಂದು. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಎಲ್ಲವೂ ಬಿಯರ್ ಲೆಕ್ಕದಲ್ಲಿ.

ನನ್ನ ಹತ್ತಿರ ಇರುವುದು 15 ಲೀಟರಿನ ಸ್ಟೀಲ್ ಪಾತ್ರೆ, ತೆಳ್ಳಗಿನ ನೈಲಾನ್ ಬಟ್ಟೆಯ ಚೀಲ, ಥರ್ಮಾಮೀಟರ್, ಬ್ರಿಕ್ಸ್ (ರಸದ ತೂಕದಲ್ಲಿ ನೂರಕ್ಕೆ ಎಷ್ಟು ಪಾಲು ಸಿಹಿ ಅನ್ನುವ ಅಳತೆ) ನೋಡುವ ರಿಫ್ರಾಕ್ಟೋಮೀಟರ್. ಒಂದು ಸಲಕ್ಕೆ 2 ಕೆಜಿ ಮಾಲ್ಟ್. ಒಲೆ ಗ್ಯಾಸಿನದು. ನೀರು ಮನೆ ಬಾವಿಯದು, ಏಪ್ರಿಲ್-ಮೇ ಹೊತ್ತಿಗೆ ಸ್ವಲ್ಪ ಉಪ್ಪಾಗುತ್ತದೆ. ನೀವಾದರೆ ಯಾವುದು ಮಾಡುತ್ತೀರಿ?

ಅಂಕೋಲಾ ಬ್ರೂವರ್, ಈಗ ಬೆಂಗಳೂರು

ಅಕ್ಕ, ನಾನು ಇಲ್ಲಿ ಲೈಸೆನ್ಸ್ ಇರುವ ಬ್ರೂಪಬ್ ಒಂದರಲ್ಲಿ ಕೆಲಸ ಮಾಡುತ್ತೇನೆ. ದಿನಾ ಇದೇ ಕೆಲಸ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನಾವು ಮಾಡುವುದು ಮೂರನೆಯದು, ಸಣ್ಣ ಧಾರೆಯ ವಿಧಾನ. ತೂತಿನ ತಳ ಇರುವ ದೊಡ್ಡ ಪಾತ್ರೆಯಲ್ಲಿ ಕಾಳು ಹಾಸಿಗೆಯ ಹಾಗೆ ಕೂರುತ್ತದೆ. ಮೊದಲು ಬರುವ ರಸ ಕಲಕಾಗಿರುತ್ತದೆ. ಅದನ್ನು ತೆಗೆದು ಮೇಲಿಂದ ಮತ್ತೆ ಸುರಿಯುತ್ತೇವೆ, ತಿಳಿಯಾಗುವ ತನಕ. ಆಮೇಲೆ 75–77 ಡಿಗ್ರಿಯ ನೀರನ್ನು ಮೇಲೆ ಚಿಮುಕಿಸುತ್ತಾ, ಅಷ್ಟೇ ವೇಗದಲ್ಲಿ ಕೆಳಗೆ ರಸ ಬಿಡುತ್ತಾ ಹೋಗುತ್ತೇವೆ. ಕಾಳಿನ ಮೇಲೆ ಎರಡು ಬೆರಳಿನಷ್ಟು ನೀರು ಯಾವಾಗಲೂ ನಿಂತಿರಬೇಕು. ಒಂದು ಗಂಟೆ, ಒಮ್ಮೊಮ್ಮೆ ಅದಕ್ಕೂ ಜಾಸ್ತಿ ಹಿಡಿಯುತ್ತದೆ. ಸಕ್ಕರೆ ಹೆಚ್ಚು ಸಿಗುವುದು ಇದರಲ್ಲೇ.

ಆದರೆ ಇದು ಚೆನ್ನಾಗಿ ನಡೆಯಲು ಕಾಳಿನ ಹಾಸು ದಪ್ಪ ಇರಬೇಕು. ನಿಮ್ಮ 2 ಕೆಜಿ 15 ಲೀಟರಿನ ಪಾತ್ರೆಯಲ್ಲಿ ಹರಡಿದರೆ ನಾಲ್ಕೈದು ಬೆರಳಿಗಿಂತ ಎತ್ತರ ಬರುವುದಿಲ್ಲ. ಅಷ್ಟು ತೆಳ್ಳಗಿನ ಹಾಸಿನಲ್ಲಿ ನೀರು ತನಗೆ ಬೇಕಾದ ಕಡೆ ಒಂದು ಕಾಲುವೆ ಮಾಡಿಕೊಂಡು ಸುಮ್ನೆ ಇಳಿದು ಹೋಗುತ್ತದೆ. ಬದಿಯ ಕಾಳು ತೊಳೆಯುವುದೇ ಇಲ್ಲ. ಹಾಗಾಗಿ ನನ್ನ ಕಸುಬಿನದೇ ವಿಧಾನ ಆದರೂ ನಿಮಗೆ ಬೇಡ ಅನ್ನುತ್ತೇನೆ.

ಎರಡನೆಯದು ಮಾಡಿ. ನಮ್ಮ ಕಡೆ ತೆಂಗಿನ ಹಾಲು ತೆಗೆಯುವ ಕ್ರಮವೇ ಇದು. ಮೊದಲ ಹಾಲು ಗಟ್ಟಿ, ಮತ್ತೆ ನೀರು ಹಾಕಿ ಕಿವುಚಿದರೆ ಎರಡನೇ ಹಾಲು ತೆಳು. ಕಲಕಿದ ಮೇಲೆ ಸಿಹಿ ಎಲ್ಲ ಕಡೆ ಒಂದೇ ಸಮ ಆಗುವುದರಿಂದ ಹಾಸಿನ ದಪ್ಪದ ತಲೆಬಿಸಿ ಇಲ್ಲ.

ಕಡವಾಡ ಅಡುಗೆಮನೆ, ಕಾರವಾರ

ಥ್ಯಾಂಕ್ಸ್ ಅಣ್ಣ. ಧಾರೆಯದು ಬಿಟ್ಟೆ ಹಾಗಾದರೆ. ಒಂದು ಗಂಟೆ ಅಲ್ಲೇ ನಿಲ್ಲುವುದು ನನಗೂ ಕಷ್ಟ. ಈಗ ತೊಳೆಯಬೇಕಾ ಬೇಡವಾ, ತೊಳೆದರೆ ಎಷ್ಟು ನೀರು, ಇಷ್ಟು ಗೊತ್ತಾದರೆ ಸಾಕು.

ಕುಮಟಾ ಮೇಷ್ಟ್ರು

ತಂಗಿ, ಇಲ್ಲಿ ಒಂದು ವಿಷಯ ಎಲ್ಲರೂ ದಾಟಿ ಹೋಗುತ್ತಿದ್ದಾರೆ. ಬಿಯರಿಗೆ ತೆಳು ರಸ ಸಾಕು. ನಿಮಗೆ ಬೇಕಾದದ್ದು ಪಾಕ. ತೊಳೆಯಲು ಹಾಕಿದ ಒಂದೊಂದು ಲೀಟರ್ ನೀರನ್ನೂ ಆಮೇಲೆ ನೀವೇ ಕುದಿಸಿ ಆವಿ ಮಾಡಬೇಕು. ಒಂದು ಲೀಟರ್ ನೀರು ಆವಿಯಾಗಲು ಮನೆ ಒಲೆಯಲ್ಲಿ ಕಡಿಮೆ ಅಂದರೂ 90 ಗ್ರಾಂ ಗ್ಯಾಸ್ ಬೇಕು. ಸಿಲಿಂಡರಿನಲ್ಲಿ ಇರುವುದು 14.2 ಕೆಜಿ. ಹಾಗಾಗಿ ಬಿಯರ್ ಮಾಡುವವರ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕಾಗದದ ಮೇಲೆ ಲೆಕ್ಕ ಹಾಕಿದೆ, ನೋಡಿ. ಒಳ್ಳೆಯ ಬಾರ್ಲಿ ಮಾಲ್ಟಿನಲ್ಲಿ ನೀರಿಗೆ ಬಿಡುವ ಅಂಶ ತೂಕದ ಸುಮಾರು 80 ಪಾಲು. ಅಂದರೆ 2 ಕೆಜಿಯಲ್ಲಿ 1.6 ಕೆಜಿ. ಅದರಲ್ಲಿ 1.5 ಕೆಜಿ ಕರಗಿತು ಅಂತ ಇಟ್ಟುಕೊಳ್ಳೋಣ. ನೆನೆಸಲು 6 ಲೀಟರ್ ನೀರು. ರಸ 20 ಬ್ರಿಕ್ಸ್ ಬರುತ್ತದೆ. ಕೆಜಿಗೆ ಒಂದು ಲೀಟರಿನಂತೆ ಕಾಳು ಹಿಡಿದಿಟ್ಟುಕೊಳ್ಳುವುದರಿಂದ 2 ಲೀಟರ್ ರಸ ಒಳಗೇ ಉಳಿಯುತ್ತದೆ.

ತೊಳೆಯದೆ ಬಿಟ್ಟರೆ: 80 ಬ್ರಿಕ್ಸಿನ ಪಾಕ ಸುಮಾರು 1.3 ಕೆಜಿ. 4 ಲೀಟರ್ ನೀರು ಆವಿ ಮಾಡಬೇಕು, ಗ್ಯಾಸ್ 360 ಗ್ರಾಂ.

2 ಲೀಟರ್ ಹಾಕಿ ಒಂದು ಸಲ ತೊಳೆದರೆ: ಇನ್ನೂ 270 ಗ್ರಾಂ ಪಾಕ. ಅದಕ್ಕೆ ಹೆಚ್ಚಿಗೆ ಗ್ಯಾಸ್ 160 ಗ್ರಾಂ.

ಒಂದೇ ಸಲಕ್ಕೆ 4 ಲೀಟರ್ ಹಾಕಿ ತೊಳೆದರೆ: 360 ಗ್ರಾಂ ಪಾಕ ಜಾಸ್ತಿ, ಗ್ಯಾಸ್ 335 ಗ್ರಾಂ. ನೀರು ದುಪ್ಪಟ್ಟು ಹಾಕಿದ್ದಕ್ಕೆ ಸಿಕ್ಕಿದ್ದು 90 ಗ್ರಾಂ ಮಾತ್ರ.

ಅದರ ಮೇಲೆ ಮತ್ತೊಮ್ಮೆ 4 ಲೀಟರ್ ಹಾಕಿದರೆ: ಸಿಗುವುದು 115 ಗ್ರಾಂ ಪಾಕ, ಸುಡುವುದು 350 ಗ್ರಾಂ ಗ್ಯಾಸ್. ಇದು ಖಂಡಿತ ಬೇಡ.

ಕೈಯಲ್ಲಿ ಬರುವುದು ಇದಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ, ತರಿ ಹೇಗಿದೆ ಅನ್ನುವುದರ ಮೇಲೆ. ಆದರೆ ಹೋಲಿಕೆ ಬದಲಾಗುವುದಿಲ್ಲ. ಗ್ಯಾಸ್ ಒಲೆಯಾದರೆ ಕಾಳಿನ ತೂಕದಷ್ಟೇ ನೀರು, ಒಂದೇ ತೊಳೆ. ನನ್ನ ಉತ್ತರ ಇಷ್ಟೇ.

ಆಲೆಮನೆ ಭಾವ, ಶಿರಸಿ

ಮೇಷ್ಟ್ರೇ, ಲೆಕ್ಕ ಚಂದ ಇದೆ. ಆದರೆ ಅದು ಗ್ಯಾಸಿನ ಮನೆಗೆ. ನಮ್ಮಲ್ಲಿ ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ, ಒಣಗಿದ ಸೋಗೆ, ಏನೂ ಕೊಳ್ಳಬೇಕಾಗಿಲ್ಲ. ನನಗೆ ದುಬಾರಿ ಆಗಿರುವುದು ಮಾಲ್ಟ್. ಅಷ್ಟು ದೂರದಿಂದ ತರಿಸಿದ ಕಾಳಿನಲ್ಲಿ ಸಿಹಿ ಬಿಟ್ಟು ಕೊಟ್ಟಿಗೆಗೆ ಹಾಕಲು ಮನಸ್ಸು ಬರುವುದಿಲ್ಲ. ನಾನು ಎರಡು ಸಲ ತೊಳೆಯುತ್ತೇನೆ. ಅದೂ 4 ಲೀಟರನ್ನು ಒಂದೇ ಸಲ ಅಲ್ಲ, ಎರಡೆರಡು ಲೀಟರಾಗಿ. ಹಾಗೆ ಮಾಡಿದರೆ ಅಷ್ಟೇ ನೀರಿಗೆ ಹೆಚ್ಚು ಸಿಹಿ ಬರುತ್ತದೆ, ಹೌದಲ್ವಾ ಮೇಷ್ಟ್ರೇ?

ಪಾಕ ಇಳಿಸುವ ಬಗ್ಗೆಯೂ ಹೇಳಿಬಿಡುತ್ತೇನೆ. ಜೋನಿ ಬೆಲ್ಲ ಮಾಡಿ ಗೊತ್ತಿರುವವರಿಗೆ ಇದು ಹೊಸತಲ್ಲ. ಮೊದಲ ಕುದಿಗೆ ನೊರೆ ಉಕ್ಕಿ ಬರುತ್ತದೆ, ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ನೊರೆ ತೆಗೆಯುತ್ತಾ ಇರಿ. ಕಬ್ಬಿನ ಹಾಲಿಗಿಂತ ಇದರ ನೊರೆ ಅಂಟು, ಜಾಲರಿ ಸೌಟು ಪದೇ ಪದೇ ಬಿಸಿನೀರಲ್ಲಿ ಅದ್ದಬೇಕಾಗುತ್ತದೆ. ಕೊನೆಗೆ ಗುಳ್ಳೆ ದೊಡ್ಡದಾಗಿ, ನಿಧಾನಕ್ಕೆ ಎದ್ದು ಒಡೆಯಲು ಶುರು ಮಾಡುತ್ತದೆ. ಆಗ ಉರಿ ಪೂರ್ತಿ ತಗ್ಗಿಸಿ, ತಳ ಹಿಡಿಯದ ಹಾಗೆ ತಿರುವುತ್ತಲೇ ಇರಬೇಕು. ಅಗಲ ಬಾಯಿಯ ಬಾಣಲೆ ಇದ್ದರೆ ಬೇಗ ಆಗುತ್ತದೆ.

ಕುಮಟಾ ಮೇಷ್ಟ್ರು

ಭಾವ, ಸರಿ ಹೇಳಿದಿರಿ. 4 ಲೀಟರ್ ಒಂದೇ ಸಲ ಹಾಕಿದರೆ 360 ಗ್ರಾಂ, ಎರಡು ಭಾಗ ಮಾಡಿದರೆ 400 ಗ್ರಾಂ. ಇಂಧನ ಹಾಗೇ ಇರುತ್ತದೆ. ಒಲೆ ಯಾವುದು ಅನ್ನುವುದೇ ಇಲ್ಲಿ ತೀರ್ಮಾನ ಮಾಡುವುದು, ಒಪ್ಪುತ್ತೇನೆ.

ಅಂಕೋಲಾ ಬ್ರೂವರ್, ಈಗ ಬೆಂಗಳೂರು

ಮೇಷ್ಟ್ರ ಲೆಕ್ಕ ನೋಡಿ ಖುಷಿಯಾಯಿತು. ನಮಗೆ ಆವಿ ಮಾಡುವ ಖರ್ಚು ಅಷ್ಟಾಗಿ ತಟ್ಟುವುದಿಲ್ಲ, ಅದಕ್ಕೇ ಕೊನೆಯ ತನಕ ತೊಳೆಯುತ್ತೇವೆ. ಆದರೂ ಭಾವ, ಎರಡನೇ ತೊಳೆಯ ಬಗ್ಗೆ ನನಗೆ ಒಂದು ಹೆದರಿಕೆ ಇದೆ. ಸೌದೆಯದಲ್ಲ, ಒಗರಿನದು.

ಬಾರ್ಲಿ ಸಿಪ್ಪೆಯಲ್ಲಿ ಟ್ಯಾನಿನ್ ಇದೆ. ಸಿಹಿ ಇಳಿಯುತ್ತಾ ಹೋದ ಹಾಗೆ ಕಾಳಿನ ಹುಳಿ ಅಂಶವೂ ತೊಳೆದು ಹೋಗುತ್ತದೆ. ನೀರಿನ ಪಿಎಚ್ (ಹುಳಿಯ ಅಳತೆ, ಹುಳಿ ಕಡಿಮೆ ಆದಷ್ಟು ಈ ಅಂಕಿ ಜಾಸ್ತಿ) ಮೇಲೇರುತ್ತದೆ. ಅದು 6 ದಾಟಿ, ಬಿಸಿಯೂ 78 ಡಿಗ್ರಿ ದಾಟಿದರೆ ಟ್ಯಾನಿನ್ ರಸಕ್ಕೆ ಬಿಡುತ್ತದೆ. ಬಲಿಯದ ಗೇರು ಹಣ್ಣು ತಿಂದಾಗ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಆ ಒಗರು. ನಾವು ಕೊನೆಯ ರಸ 2–2.5 ಬ್ರಿಕ್ಸಿಗೆ ಇಳಿದರೆ ಅಲ್ಲಿಗೆ ನಿಲ್ಲಿಸುತ್ತೇವೆ. ಬಿಯರಿನಲ್ಲಿ ಸ್ವಲ್ಪ ಒಗರು ಬಂದರೆ ಅಷ್ಟೇ ಉಳಿಯುತ್ತದೆ. ನಿಮ್ಮ ಪಾಕದಲ್ಲಿ ಹಾಗಲ್ಲ. ಐದಾರು ಲೀಟರ್ ರಸ ಒಂದು ಕೆಜಿಗೆ ಇಳಿಯುವಾಗ ಒಗರೂ ಅಷ್ಟೇ ಗಟ್ಟಿಯಾಗುತ್ತದೆ. ಹಾಗಾಗಿ ಪಾಕ ಮಾಡುವವರು ನಮಗಿಂತ ಬೇಗ ನಿಲ್ಲಿಸಬೇಕು. ನಾನಾದರೆ 5 ಬ್ರಿಕ್ಸಿಗೆ ನಿಲ್ಲಿಸುತ್ತೇನೆ.

ಶಿರಸಿಯಲ್ಲಿ ನಡೆಯುತ್ತದೆ ಅಂದರೆ ಅದಕ್ಕೆ ನಿಮ್ಮ ನೀರು ಕಾರಣ. ಜಂಬಿಟ್ಟಿಗೆ ಕಲ್ಲಿನ ಬಾವಿ ನೀರು ಮೆದು, ಪಿಎಚ್ ಕೂಡ ಸಾಮಾನ್ಯವಾಗಿ 7ಕ್ಕಿಂತ ಕೆಳಗೇ ಇರುತ್ತದೆ. ಕಾಳಿನ ಹುಳಿಯನ್ನು ಅದು ಕೆಡಿಸುವುದಿಲ್ಲ. ಸಮುದ್ರದ ಬದಿ, ಚಿಪ್ಪಿನ ಸುಣ್ಣ ಬೆರೆತ ಮರಳಿನ ಬಾವಿಗಳಲ್ಲಿ ಹಾಗಿಲ್ಲ. ಅಕ್ಕ, ನಿಮ್ಮದು ಯಾವ ತರಹದ್ದು?

ಗೋಕರ್ಣ ಕಡಲಬದಿ

ನಡುವೆ ಬಾಯಿ ಹಾಕುತ್ತಿದ್ದೇನೆ. ಇದೇ ರಸಕ್ಕೆ ಯೀಸ್ಟ್ ಹಾಕಿದರೆ ಬಿಯರ್ ಆಗುತ್ತದಲ್ಲ? ಮನೆಗೆ ಬರೀ ನಮಗಾಗಿ ಮಾಡಿಕೊಳ್ಳಬಹುದಾ?

ಅಂಕೋಲಾ ಬ್ರೂವರ್, ಈಗ ಬೆಂಗಳೂರು

ಬೇಡ ತಮ್ಮ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ. ಮಾರದಿದ್ದರೂ ಅಷ್ಟೇ. ಅಮೆರಿಕ, ಇಂಗ್ಲೆಂಡಿನವರು ಮನೆಯಲ್ಲಿ ಮಾಡುವುದು ಅಲ್ಲಿನ ಕಾನೂನು ಬಿಟ್ಟಿರುವುದರಿಂದ. ಇಲ್ಲಿ ಪಾಕದ ವಿಷಯ ಮಾತ್ರ ಮಾತಾಡೋಣ.

ಕಡವಾಡ ಅಡುಗೆಮನೆ, ಕಾರವಾರ

ಅಣ್ಣ, ನಮ್ಮ ಬಾವಿ ನೀರು ಕುದಿಸಿದರೆ ಪಾತ್ರೆ ತಳದಲ್ಲಿ ಬಿಳಿ ಕೂರುತ್ತದೆ. ಪಿಎಚ್ ಪಟ್ಟಿಯಲ್ಲಿ 7.5ರ ಹತ್ತಿರ. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಈಗ 310 ತೋರಿಸುತ್ತಿದೆ, ಬೇಸಿಗೆಯಲ್ಲಿ 700 ದಾಟುತ್ತದೆ. ಹುಳಿಗೆ ಮುರುಗಲು ಹಾಕಬಹುದಾ? ಮನೆಯಲ್ಲಿ ಬೇಕಾದಷ್ಟಿದೆ.

ಕುಮಟಾ ಮೇಷ್ಟ್ರು

ಮುರುಗಲು ಬೇಡ ತಂಗಿ. ಹುಳಿ ಬರುತ್ತದೆ, ಜೊತೆಗೆ ಕೆಂಪು ಬಣ್ಣ, ಅದರದೇ ರುಚಿಯೂ ಬರುತ್ತದೆ. ಬ್ರೆಡ್ಡಿಗೆ ಹೊಂದುವುದಿಲ್ಲ. ಲಿಂಬೆ ರಸ ಸಾಕು. ಮೊದಲು ನೀರು ಚೆನ್ನಾಗಿ ಕುದಿಸಿ, ಆರಲು ಬಿಟ್ಟು, ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ. ತಳದ ಬಿಳಿಯ ಜೊತೆ ಸುಣ್ಣದ ಅಂಶ ಬಹಳಷ್ಟು ಹೋಗುತ್ತದೆ. ಆಮೇಲೆ ತೊಳೆಯುವ ನೀರಿಗೆ ಮಾತ್ರ ಲಿಂಬೆ ಹನಿ ಹನಿ ಹಾಕಿ, ಪಟ್ಟಿ ಅದ್ದಿ ನೋಡುತ್ತಾ 5.5–5.8ಕ್ಕೆ ತನ್ನಿ. ಮೊದಲ ನೀರಿಗೆ ಅಷ್ಟು ಬೇಕಾಗುವುದಿಲ್ಲ, ಮಾಲ್ಟೇ ಅದನ್ನು ಇಳಿಸುತ್ತದೆ.

ಆದರೆ ಬೇಸಿಗೆಯ ಉಪ್ಪು ಕುದಿಸಿದರೆ ಹೋಗುವುದಿಲ್ಲ, ಲಿಂಬೆಗೂ ಹೋಗುವುದಿಲ್ಲ. 700 ಟಿಡಿಎಸ್ ಅಂದರೆ ಲೀಟರಿಗೆ ಸುಮಾರು 700 ಮಿಲಿಗ್ರಾಂ. ಐದಾರು ಲೀಟರ್ ನೀರು ಒಂದೂವರೆ ಕೆಜಿ ಪಾಕಕ್ಕೆ ಇಳಿಯುವಾಗ ಅದರ ಉಪ್ಪೆಲ್ಲ ಪಾಕದಲ್ಲೇ ಉಳಿಯುತ್ತದೆ. ಮೂರ್ನಾಲ್ಕು ಗ್ರಾಂ. ಪಾಕದ ರುಚಿಯಲ್ಲಿ ಗೊತ್ತಾಗಬಹುದು. ಎಷ್ಟು ಹೆಚ್ಚು ತೊಳೆಯುತ್ತೀರೋ ಅಷ್ಟು ಹೆಚ್ಚು ಉಪ್ಪು ಸೇರಿಸಿದ ಹಾಗೆ. ಏಪ್ರಿಲ್-ಮೇ ತಿಂಗಳಲ್ಲಿ ಮಾಡಲೇಬೇಕಿದ್ದರೆ ಆರ್‌ಒ ನೀರು ತನ್ನಿ, ಇಲ್ಲವಾದರೆ ತೊಳೆಯದೆ ಬಸಿದು ಬಿಡಿ.

ಹಳಿಯಾಳ ರಾಗಿಹೊಲ

ನಾನು ರಾಗಿ ಮಾಲ್ಟಿನಲ್ಲಿ ಇದನ್ನೇ ಮಾಡಲು ಹೋಗುತ್ತೇನೆ. ರಸ ಕೆಳಗೆ ಇಳಿಯುವುದೇ ಇಲ್ಲ, ಅಂಬಲಿ ತರಹ ಕೂತುಬಿಡುತ್ತದೆ. ತೊಳೆಯುವ ಮಾತು ದೂರ ಉಳಿಯಿತು. ಏನು ಮಾಡಬೇಕು?

ಆಲೆಮನೆ ಭಾವ, ಶಿರಸಿ

ಬಾರ್ಲಿಗೆ ಸಿಪ್ಪೆ ಇದೆ, ಅದೇ ಜರಡಿಯ ಕೆಲಸ ಮಾಡುವುದು. ರಾಗಿಗೆ ಅಂಥ ಸಿಪ್ಪೆ ಇಲ್ಲ. ಗಿರಣಿಯಿಂದ ಭತ್ತದ ಹೊಟ್ಟು ತನ್ನಿ, ತೌಡಲ್ಲ, ಮೇಲಿನ ಗರಿಗರಿ ಹೊಟ್ಟು. ಎರಡು ಮೂರು ನೀರಲ್ಲಿ ತೊಳೆದು, ಒಮ್ಮೆ ಕುದಿಸಿ ಬಸಿದು, ರಾಗಿಗೆ ಬೆರೆಸಿ. ಹೊಟ್ಟಿನಿಂದ ಸಿಹಿಯೂ ಬರುವುದಿಲ್ಲ, ರುಚಿಯೂ ಬರುವುದಿಲ್ಲ, ರಸಕ್ಕೆ ದಾರಿ ಮಾತ್ರ ಮಾಡಿಕೊಡುತ್ತದೆ. ರಾಗಿಯನ್ನು ಹಿಟ್ಟು ಮಾಡಬೇಡಿ, ತರಿ ಮಾಡಿ.

ಅಂಕೋಲಾ ಬ್ರೂವರ್, ಈಗ ಬೆಂಗಳೂರು

ಭಾವ ಹೇಳಿದ್ದು ಸರಿ. ರಾಗಿಗೆ ಕಲಕಿ ಬಸಿಯುವ ವಿಧಾನ ಬಿಟ್ಟು ಬೇರೆ ಯೋಚನೆಯೇ ಬೇಡ. ಕಟ್ಟಿಕೊಂಡರೆ ಮತ್ತೆ ಕಲಕಿ, ಹತ್ತು ನಿಮಿಷ ಬಿಟ್ಟು, ಪುನಃ ಬಸಿಯಬಹುದು. ಧಾರೆ ವಿಧಾನದಲ್ಲಿ ಕಟ್ಟಿಕೊಂಡರೆ ಇಡೀ ಕೆಲಸ ನಿಂತುಹೋಗುತ್ತದೆ.

ಇನ್ನೊಂದು ಮಾತು, ಬಾರ್ಲಿಯವರಿಗೂ ಸೇರಿ. ಬಸಿಯುವ ಮೊದಲು ಅಯೋಡಿನ್ ಪರೀಕ್ಷೆ ಮಾಡಿ. ಬಿಳಿ ತಟ್ಟೆಗೆ ಒಂದು ಹನಿ ರಸ, ಅದರ ಮೇಲೆ ಮೆಡಿಕಲ್ ಅಂಗಡಿಯ ಟಿಂಚರ್ ಅಯೋಡಿನ್ ಒಂದು ಹನಿ. ಕಪ್ಪು-ನೀಲಿ ಆದರೆ ಇನ್ನೂ ಪಿಷ್ಟ ಇದೆ, ಕಾಯಬೇಕು. ಕಂದು ಬಣ್ಣವೇ ಉಳಿದರೆ ಬಸಿಯಬಹುದು. ಆ ಹನಿಯನ್ನು ಚೆಲ್ಲಿಬಿಡಿ, ಪಾತ್ರೆಗೆ ಮತ್ತೆ ಹಾಕಬಾರದು. ಪಿಷ್ಟ ಸಕ್ಕರೆ ಆಗುವ ಮೊದಲೇ ಬಸಿದರೆ ಎಷ್ಟು ತೊಳೆದರೂ ಏನೂ ಸಿಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಬಿಳಿ ಬಾರ್ಲಿ ತಂದು ಮೊಳಕೆ ಬರಿಸಲು ಹೋಗುವವರಿಗೂ ಹೇಳುತ್ತೇನೆ, ಅದು ಉಜ್ಜಿ ಸಿಪ್ಪೆ ತೆಗೆದ ಕಾಳು, ಮೊಳೆಯುವುದಿಲ್ಲ.

ಕಡವಾಡ ಅಡುಗೆಮನೆ, ಕಾರವಾರ

ನಿನ್ನೆ ಮಾಡಿದೆ. ಎಲ್ಲರ ಮಾತು ಸೇರಿಸಿ ಹೀಗೆ ಮಾಡಿದೆ.

ಕುದಿಸಿ ಬಗ್ಗಿಸಿದ 6 ಲೀಟರ್ ನೀರು 71 ಡಿಗ್ರಿಗೆ ಬಿಸಿ ಮಾಡಿ, ಚೀಲದಲ್ಲಿ 2 ಕೆಜಿ ತರಿ ಹಾಕಿದೆ. 65ಕ್ಕೆ ನಿಂತಿತು. ಪಾತ್ರೆಗೆ ಹಳೆಯ ಕಂಬಳಿ ಸುತ್ತಿ ಒಂದು ಗಂಟೆ ಬಿಟ್ಟೆ. ಅಯೋಡಿನ್ ಕಂದಾಗಿಯೇ ಉಳಿಯಿತು. ಚೀಲ ಎತ್ತಿ ತೂತಿನ ಪಾತ್ರೆಯಲ್ಲಿ ಇಟ್ಟು ಬಸಿದಾಗ 5.2 ಕೆಜಿ ರಸ, 18 ಬ್ರಿಕ್ಸ್. ಆಮೇಲೆ ಲಿಂಬೆ ಹಾಕಿದ 2 ಲೀಟರ್ ನೀರು 75 ಡಿಗ್ರಿಯಲ್ಲಿ, ಬೇರೆ ಪಾತ್ರೆಯಲ್ಲಿ ಚೀಲ ಬಿಚ್ಚಿ ಕಲಕಿ, ಹತ್ತು ನಿಮಿಷ ಬಿಟ್ಟು ಮತ್ತೆ ಬಸಿದೆ. 2 ಕೆಜಿ ರಸ, 9 ಬ್ರಿಕ್ಸ್. ಈ ಎರಡನೇ ರಸ ಬೇರೆಯಾಗಿ ಕುಡಿದು ನೋಡಿದೆ. ಒಗರು ಸ್ವಲ್ಪವೂ ಇಲ್ಲ.

ಕೊನೆಯ ಹದ ಗುಳ್ಳೆ ನೋಡಿ ಹೇಳಲು ನನಗೆ ಅಭ್ಯಾಸ ಇಲ್ಲ. ಮೇಷ್ಟ್ರ ಲೆಕ್ಕದ ಹಾಗೆ ತೂಕ ಹಿಡಿದೆ. 5.2 ಕೆಜಿಯ ನೂರಕ್ಕೆ 18, 2 ಕೆಜಿಯ ನೂರಕ್ಕೆ 9, ಒಟ್ಟು 1,116 ಗ್ರಾಂ ಸಿಹಿ. 80 ಬ್ರಿಕ್ಸ್ ಆಗಲು ಪಾಕ 1,395 ಗ್ರಾಂ ಇರಬೇಕು. ಬಾಣಲೆಯ ತೂಕ ಮೊದಲೇ ಬರೆದಿಟ್ಟುಕೊಂಡಿದ್ದೆ, ನಡುನಡುವೆ ತಕ್ಕಡಿಗೆ ಇಟ್ಟು ನೋಡುತ್ತಾ ಇಳಿಸಿದೆ. ಬಣ್ಣ ಜೋನಿ ಬೆಲ್ಲಕ್ಕಿಂತ ಸ್ವಲ್ಪ ಕಪ್ಪು. ಬ್ರೆಡ್ಡಿನ ಮೇಲೆ ಹಚ್ಚಿ ಮಕ್ಕಳು ಅರ್ಧ ಬಾಟಲಿ ಮುಗಿಸಿದ್ದಾರೆ!

ಕುಮಟಾ ಮೇಷ್ಟ್ರು

ಬಹಳ ಸಂತೋಷ ತಂಗಿ. ಎರಡನೇ ರಸದಿಂದ ಬಂದದ್ದು 225 ಗ್ರಾಂ ಪಾಕ. ಗ್ಯಾಸ್ ಖರ್ಚಿಗೆ ಹೋಲಿಸಿದರೆ ಒಳ್ಳೆಯದೇ. ತರಿ ಇನ್ನೊಂದು ಸ್ವಲ್ಪ ಸಣ್ಣ ಮಾಡಿದರೆ ಮೊದಲ ರಸವೇ ಏರುತ್ತದೆ. ಚೀಲದಲ್ಲಿ ಮಾಡುವಾಗ ಸಣ್ಣ ತರಿಯಿಂದ ಕಟ್ಟಿಕೊಳ್ಳುವ ಭಯ ಕಡಿಮೆ. ಎರಡನೇ ಸಲ ತೊಳೆಯುವುದಕ್ಕಿಂತ ಅದು ಲಾಭ.

ಹಳಿಯಾಳ ರಾಗಿಹೊಲ

ಹೊಟ್ಟು ಹಾಕಿ ನೋಡಿದೆ ಭಾವ, ರಸ ಇಳಿಯಿತು. ನಿಧಾನ, ಆದರೂ ಇಳಿಯಿತು. ಚರಟವನ್ನು ದನಕ್ಕೆ ಹಾಕಬಹುದಾ?

ಆಲೆಮನೆ ಭಾವ, ಶಿರಸಿ

ಬಾರ್ಲಿ ಚರಟ ಧಾರಾಳವಾಗಿ ಹಾಕಿ, ಅದೇ ದಿನ, ದಿನದ ಹಿಂಡಿಯ ಜೊತೆ ಸ್ವಲ್ಪ ಸ್ವಲ್ಪ. ಮಳೆಗಾಲದಲ್ಲಿ ಒಂದು ರಾತ್ರಿ ಇಟ್ಟರೂ ಹುಳಿ ಬಂದು ಬೂಸ್ಟು ಹಿಡಿಯುತ್ತದೆ, ಆಮೇಲೆ ಹಾಕಬೇಡಿ. ನಿಮ್ಮದರಲ್ಲಿ ಭತ್ತದ ಹೊಟ್ಟು ಇರುವುದರಿಂದ ದನಕ್ಕೆ ಬೇಡ, ತೆಂಗಿನ ಬುಡಕ್ಕೆ ಹಾಕಿ.

ಕಡವಾಡ ಅಡುಗೆಮನೆ, ಕಾರವಾರ

ಕೊನೆಯದೊಂದು ಪ್ರಶ್ನೆ. ಜೂನ್ ನಂತರ ನಮ್ಮಲ್ಲಿ ಉಪ್ಪಿನ ಡಬ್ಬಿಯೂ ನೀರು ಬಿಡುತ್ತದೆ. ಪಾಕ ಕೆಡದೆ ನಿಲ್ಲುತ್ತದಾ?

ಆಲೆಮನೆ ಭಾವ, ಶಿರಸಿ

80 ಬ್ರಿಕ್ಸ್ ಇದ್ದರೆ ನಿಲ್ಲುತ್ತದೆ. 75ಕ್ಕಿಂತ ಕೆಳಗೆ ಇಳಿಸಿದ್ದರೆ ಮೇಲೆ ನೊರೆ ಬಂದು ಹುಳಿಯಾಗುವ ಸಂಭವ ಇದೆ. ಗಾಜಿನ ಬಾಟಲಿ ಕುದಿಸಿ ಪೂರ್ತಿ ಒಣಗಿಸಿ, ಪಾಕ ಬಿಸಿ ಇರುವಾಗಲೇ ಕಂಠದ ತನಕ ತುಂಬಿ ಮುಚ್ಚಿ. ದೊಡ್ಡ ಬಾಟಲಿ ಒಂದರ ಬದಲು ಸಣ್ಣವು ನಾಲ್ಕು ಮಾಡಿ. ಒದ್ದೆ ಚಮಚ ಹಾಕಲು ಮಕ್ಕಳಿಗೆ ಬಿಡಬೇಡಿ. ಮಾಲ್ಟ್ ಕಾಳು ಮಾತ್ರ ಮಳೆಗಾಲಕ್ಕೆ ಕೂಡಿಡಬೇಡಿ ತಂಗಿ, ತೇವ ಎಳೆದು ಮೆತ್ತಗಾದರೆ ತರಿ ಆಗುವುದಿಲ್ಲ. ಮೇ ಕೊನೆಯೊಳಗೆ ಇರುವುದನ್ನೆಲ್ಲ ಪಾಕ ಮಾಡಿ ಮುಗಿಸಿ. ನೀರಿಗೆ ಬೇಕಿದ್ದರೆ ಶಿರಸಿಯಿಂದ ಎರಡು ಕ್ಯಾನ್ ಕಳಿಸಿಕೊಡುತ್ತೇನೆ, ನಮ್ಮ ಕಡೆಯವರು ವಾರವಾರ ಕಾರವಾರಕ್ಕೆ ಬರುತ್ತಾರೆ.